ಹೊತ್ತು ಮುಳುಗುವ ಮುಂಚಿನ ಪ್ಲೇಟು

ಮಾದತ್ತೆಗೆ ಯಾರ ಹೆಸರೂ ನೆನಪಿರುತ್ತಿರಲಿಲ್ಲ. ಯಾರ ಬಾಯಿಗೆ ಏನು ಬೇಕು ಎನ್ನುವುದು ಮಾತ್ರ ಒಮ್ಮೆ ತಿಳಿದರೆ ಮುಗಿಯಿತು, ಮತ್ತೆ ಮರೆಯುತ್ತಿರಲಿಲ್ಲ. ರಸ್ತೆಯಾಚೆ ಒಬ್ಬ ಸೈಕಲ್ಲಿಗೆ ಸ್ಟ್ಯಾಂಡು ಹಾಕುತ್ತಿರುವಾಗಲೇ "ಉಳಿ ಎರಡು ಸ್ಪೂನು ಬಂದ್ನಪ್ಪ" ಎಂದು ತನ್ನಷ್ಟಕ್ಕೇ ಹೇಳಿಕೊಂಡು, ಹುಳಿ ಹೆಚ್ಚು ಬೇಕೆನ್ನುವ ಅವನ ಪ್ಲೇಟಿಗೆ ಕೈ ಹಾಕುವಳು. ಅವನು ಬಂದು ನಿಲ್ಲುವಷ್ಟರಲ್ಲಿ ತಯಾರು. ನನ್ನ ಮದುವೆಗೆ ಬಂದಾಗ ನನ್ನ ಹೆಂಡತಿಯ ಹೆಸರನ್ನು ಮೂರು ಸಲ ಕೇಳಿ, ಮೂರು ಸಲವೂ ಮರೆತಳು. ಆಮೇಲೆ ಒಂದು ಸಂಜೆ ಅವಳಿಗೆ ತನ್ನ ಗಾಡಿಯಲ್ಲಿ ಒಂದು ಪ್ಲೇಟು ತಿನ್ನಿಸಿ, ಅವಳ ಕಣ್ಣಲ್ಲಿ ನೀರು ಬಂದದ್ದು ನೋಡಿ "ಕಾರ ಕಮ್ಮಿ" ಎಂದು ಹೆಸರಿಟ್ಟಳು. ಇಪ್ಪತ್ತು ವರ್ಷದಿಂದ ನಮ್ಮ ನೆಂಟರಲ್ಲಿ ಆ ಹೆಸರೇ ನಡೆಯುತ್ತಿದೆ.

ಸೇಲಂ ಊರಿನವರಿಗೆ ತಟ್ಟುವಡೆ ಸೆಟ್ಟು ಏನೆಂದು ಹೇಳಬೇಕಾಗಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕ ನಿಪ್ಪಟ್ಟುಗಳು. ಎರಡರ ನಡುವೆ ಕೆಂಪು ಚಟ್ನಿ, ಹಸಿರು ಚಟ್ನಿ, ತುರಿದ ಬೀಟ್‌ರೂಟು, ಕ್ಯಾರೆಟ್ಟು, ಈರುಳ್ಳಿ. ಅದನ್ನು ಕಚ್ಚಿ ತಿನ್ನುವ ಹಾಗಿಲ್ಲ, ಪೂರ್ತಿ ಬಾಯಿಗೆ ಹಾಕಿಕೊಳ್ಳಬೇಕು. ಒಂದು ಪ್ಲೇಟಿಗೆ ಐದು. ಸೆವ್ವಾಪೇಟೆಯಲ್ಲಿ, ಬೆಳ್ಳಿ ಅಂಗಡಿಗಳ ಬೀದಿ ತಿರುಗುವ ಮೂಲೆಯಲ್ಲಿ, ಬೇವಿನ ಮರದ ಕೆಳಗೆ ಮಾದತ್ತೆ ಮೂವತ್ತು ವರ್ಷ ಇದನ್ನು ಮಾಡಿ ಕೊಟ್ಟಳು. ಎರಡೂ ಕಡೆ ಮೂಗುಬೊಟ್ಟು, ತಲೆಗೆ ಸುತ್ತಿದ ಟವೆಲ್ಲು, ಕೂರಲು ಬೋರಲು ಹಾಕಿದ ಎಣ್ಣೆ ಡಬ್ಬ. ಬೀಟ್‌ರೂಟು ತುರಿದೂ ತುರಿದೂ ಅವಳ ಅಂಗೈ ವರ್ಷಪೂರ್ತಿ ಕೆಂಪಗಿರುತ್ತಿತ್ತು. ಮದುವೆ ಮನೆಗೆ ಬಂದರೆ ಗೋರಂಟಿ ಯಾರು ಹಾಕಿದರು ಎಂದು ಗುರುತಿಲ್ಲದ ಹೆಂಗಸರು ಕೇಳುವರು. "ನಾನೇ ಆಕ್ಕೊಂಡೆ, ದಿನಾ ಮೂರು ಕಿಲೋ" ಎನ್ನುವಳು.

ಅವಳು ನನ್ನ ಅಪ್ಪನ ಚಿಕ್ಕಪ್ಪನ ಮಗಳು. ನಮ್ಮದು ಧರ್ಮಪುರಿ ಪಕ್ಕದ ಅದಿಯಮಾನ್‌ಕೋಟೆ. ಮನೆಯಲ್ಲಿ ಕನ್ನಡ, ಬಾಗಿಲು ದಾಟಿದರೆ ತಮಿಳು. ನಾನು ಕೊಲುಸು ಪಟ್ಟರೆಯಲ್ಲಿ, ಅಂದರೆ ಬೆಳ್ಳಿ ಕಾಲ್ಗೆಜ್ಜೆ ಮಾಡುವ ಕಾರ್ಖಾನೆಯಲ್ಲಿ, ಬೆಸುಗೆ ಹಾಕುವವನು. ನಡುವೆ ಆರು ವರ್ಷ ಬೆಂಗಳೂರಿನ ನಗರ್ತಪೇಟೆಯಲ್ಲಿ ಇದ್ದೆ. ಕನ್ನಡ ಓದು ಬರಹ ಹತ್ತಿದ್ದು ಅಲ್ಲಿ, ಅಂಗಡಿಗೆ ಬರುತ್ತಿದ್ದ ಪೇಪರಿನಿಂದ. ಪಟ್ಟರೆಯಲ್ಲಿ ನನ್ನನ್ನು ಕಲ್ಲು ಅನ್ನುತ್ತಾರೆ. ಹೆಂಡತಿ, ನಿಮ್ಮ ಎದೆ ಮರಗಟ್ಟಿ ಹೋಗಿದೆ ಅನ್ನುತ್ತಾಳೆ. ಇರಬಹುದು. ಮಾದತ್ತೆ ಮಾತ್ರ ಯಾವತ್ತೂ ಹಾಗೆ ಹೇಳಲಿಲ್ಲ. ಅವಳಿಗೆ ನನ್ನ ಎದೆಯ ವಿಷಯ ಬೇಕಿರಲಿಲ್ಲ.

ಸಾಯಂಕಾಲ ನಾಲ್ಕು ಗಂಟೆಗೆ ಆ ಬೀದಿ ಎಚ್ಚರಾಗುತ್ತದೆ. ಹೂವಿನ ಸೆಲ್ವಿ ಮಾದತ್ತೆಯ ಪಕ್ಕದಲ್ಲಿ ಗೋಣಿ ಹಾಸಿ ಮಲ್ಲಿಗೆ ಕಟ್ಟಲು ಕೂರುತ್ತಾಳೆ. ಎದುರಿಗೆ ಪರೋಟ ಕಲ್ಲಿನ ಮೇಲೆ ಕೊಚ್ಚುವ ಸದ್ದು, ಆಚೆ ಬೀದಿಯಿಂದ ಬಾಂಗು, ಈಚೆಯಿಂದ ಮಾರಿಯಮ್ಮನ ಗುಡಿಯ ಮೈಕು. ಪಟ್ಟರೆಗಳು ಬಿಟ್ಟಮೇಲೆ ಗಾಡಿಯ ಸುತ್ತ ಎಷ್ಟು ಭಾಷೆ ಎಂದರೆ, ನಿಂತು ಕೇಳಿದರೆ ತಲೆ ತಿರುಗಬೇಕು. ಮನೆಯಲ್ಲಿ ಸೌರಾಷ್ಟ್ರ ಮಾತಾಡುವ ನೇಕಾರರು, ತೆಲುಗಿನವರು, ಗೆಜ್ಜೆಗೆ ಪಾಲಿಶ್ ಹಾಕುವ ಉರ್ದುವಿನ ಭಾಯಿಗಳು, ಈಚೆಗೆ ಬಂದ ಬಿಹಾರದ ಹುಡುಗರು. ಮಾದತ್ತೆಗೆ ಎಲ್ಲ ಭಾಷೆಯಲ್ಲೂ ನಾಲ್ಕೈದು ಮಾತು ಬರುತ್ತಿತ್ತು, ಸಾಕಾ, ಇನ್ನೂ ಬೇಕಾ, ಖಾರ ಆಯ್ತಾ, ನಾಳೆ ಬಾ. ಅಷ್ಟರಲ್ಲೇ ಅವರ ಮನೆಯ ಸಂಗತಿಯೆಲ್ಲ ಹೊರಗೆ ತೆಗೆಯುವಳು. ತೆರುಕೂತ್ತು ಎಂಬ ಬಯಲಾಟದಲ್ಲಿ ವೇಷ ಹಾಕುವ ಪೆರುಮಾಳ್ ಎಂಬುವನು ಆಟ ಇದ್ದ ದಿನ ಮುಖಕ್ಕೆ ಬಣ್ಣ ಹಚ್ಚಿಕೊಂಡೇ ಬಂದು ನಿಲ್ಲುತ್ತಿದ್ದ. ತುಟಿಯ ಬಣ್ಣ ಕೆಡಬಾರದೆಂದು ಆಕಾಶ ನೋಡುತ್ತ ಬಾಯಿ ಅಗಲ ತೆರೆಯುವನು, ಮಾದತ್ತೆ ಒಂದೊಂದೇ ಸೆಟ್ಟನ್ನು ಒಳಗೆ ಬಿಡುವಳು. ದುರ್ಯೋಧನನಿಗೆ ಅನ್ನಪ್ರಾಶನ ಮಾಡಿಸಿದವಳು ನಾನೊಬ್ಬಳೇ ಎಂದು ಅವಳು ಎಲ್ಲರ ಹತ್ತಿರ ಕೊಚ್ಚಿಕೊಳ್ಳುತ್ತಿದ್ದಳು.

ಆದರೆ ಇವರೆಲ್ಲ ಆಮೇಲಿನವರು. ಪ್ರತಿದಿನದ ಮೊದಲ ಪ್ಲೇಟು ಲಾಲ್‌ಜಿಯವರದು. ಅದೇ ಬೀದಿಯಲ್ಲಿ ಚಿಕ್ಕ ಬೆಳ್ಳಿ ಅಂಗಡಿ ಇಟ್ಟಿರುವ ಜೈನರು. ಅವರ ಅಜ್ಜನ ಕಾಲಕ್ಕೇ ರಾಜಸ್ಥಾನದಿಂದ ಬಂದ ಮನೆ, ತಮಿಳು ನಮಗಿಂತ ಚೆನ್ನಾಗಿ ಆಡುತ್ತಾರೆ. ಬೆಳ್ಳುಳ್ಳಿ, ಈರುಳ್ಳಿ ತಿನ್ನುವುದಿಲ್ಲ. ನೆಲದೊಳಗೆ ಬೆಳೆದ ಯಾವ ಗೆಡ್ಡೆಯನ್ನೂ ಮುಟ್ಟುವುದಿಲ್ಲ. ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹಾಕುವುದಿಲ್ಲ. ಇಷ್ಟೆಲ್ಲ ನೇಮ ಇರುವವರು ಬೀದಿ ಗಾಡಿಯಲ್ಲಿ ತಿನ್ನುವುದುಂಟೇ ಎಂದು ಕೇಳಬೇಡಿ. ಮಾದತ್ತೆಯ ಗಾಡಿಯಲ್ಲಿ ತಿನ್ನುತ್ತಿದ್ದರು. ಅವರಿಗೆಂದೇ ಬೆಳ್ಳುಳ್ಳಿ ಹಾಕದೆ ಮಾಡಿಸಿದ ತಟ್ಟುವಡೆ, ಬೇರೆ ಚಾಕು, ಬೇರೆ ಸ್ಪೂನು. ಬೀಟ್‌ರೂಟಿನ ಬದಲು ಎಲೆಕೋಸು, ಸೌತೆಕಾಯಿ, ಕಾಲ ಇದ್ದರೆ ಹಸಿ ಮಾವು. ಬೆಳ್ಳುಳ್ಳಿ ಇಲ್ಲದ ಕೆಂಪು ಚಟ್ನಿ ಬೇರೆ ಡಬ್ಬಿಯಲ್ಲಿ. ಬಿಸಿಲು ಬೇವಿನ ಮರದ ಬುಡಕ್ಕೆ ಇಳಿದಾಗ ಅವರು ಅಂಗಡಿಯಿಂದ ಇಳಿದು ಬರುವರು, ಐದು ತಿನ್ನುವರು, ಕೈ ತೊಳೆದು ಹೋಗುವರು. ಅದೇ ಬೋಣಿ. ಮಾತು ಹೆಚ್ಚಿಲ್ಲ. "ಅವ್ರು ನನ್ನ ಕೈ ನಂಬಿ ಕಣ್ಣು ಮುಚ್ಕೊಂಡು ತಿಂತಾರೆ ಲಾ. ನಮ್ಮನೆ ದೇವ್ರೂ ಅಷ್ಟು ನಂಬಿಲ್ಲ" ಎಂದು ಮಾದತ್ತೆ ಒಮ್ಮೆ ಹೇಳಿದ್ದಳು. ಅವಳು ಹೆಮ್ಮೆ ಪಡುತ್ತಿದ್ದದ್ದು ಇಡೀ ಊರಿನಲ್ಲಿ ಅದೊಂದಕ್ಕೇ.

ಕೊರೋನಾ ಕಾಲದಲ್ಲಿ ಅವಳಿಗೂ ಜ್ವರ ಬಂತು. ಜ್ವರ ಬಿಟ್ಟಿತು, ಬಾಯಿರುಚಿ ಬರಲಿಲ್ಲ. ಎಲ್ಲರಿಗೂ ಹದಿನೈದು ದಿನಕ್ಕೆ, ಒಂದು ತಿಂಗಳಿಗೆ ಬಂತು. ಇವಳಿಗೆ ಆರು ತಿಂಗಳಾದರೂ ಇಲ್ಲ, ವರ್ಷವಾದರೂ ಇಲ್ಲ. ಮೂಗಿಗೆ ವಾಸನೆಯೂ ಇಲ್ಲ. ಹುಣಸೆಹಣ್ಣು ಬಾಯಲ್ಲಿಟ್ಟುಕೊಂಡು, ಹಸಿಮೆಣಸಿನಕಾಯಿ ಕಚ್ಚಿ, ಉಪ್ಪು ಮುಕ್ಕಿ ನೋಡುವಳು. "ಒಣ್ಣುಮೇ ಇಲ್ಲೆ ಲಾ" ಅನ್ನುವಳು. ಏನೇನೂ ಇಲ್ಲ ಎನ್ನುವುದನ್ನು ಅವಳು ತಮಿಳಿನಲ್ಲೇ ಹೇಳುತ್ತಿದ್ದಳು, ಯಾಕೋ ಗೊತ್ತಿಲ್ಲ. ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕಾಯಬೇಕು ಎಂದರು. ಕಾಯ್ದದ್ದಾಯಿತು.

ಗಾಡಿ ಮತ್ತೆ ಹಾಕುವ ದಿನ ಅವಳು ನನ್ನನ್ನು ಕರೆಸಿದಳು. ಮೂರು ಡಬ್ಬಿ ಚಟ್ನಿ ಮುಂದಿಟ್ಟು, ಪ್ರತಿಯೊಂದನ್ನೂ ನನ್ನ ಅಂಗೈಗೆ ಒಂದು ತೊಟ್ಟು ಹಾಕಿ, ನೋಡಿ ಹೇಳು ಎಂದಳು. ಉಪ್ಪು ಸಾಲದು ಎಂದೆ. ಉಪ್ಪು ಹಾಕಿದಳು. ಈಗ ಸರಿ ಎಂದೆ. ಆವತ್ತಿನಿಂದ ಅದೇ ನಮ್ಮ ಏರ್ಪಾಡಾಯಿತು. ಪಟ್ಟರೆಯಲ್ಲಿ ಟೀ ಕುಡಿಯಲು ಬಿಡುವ ಹೊತ್ತಿಗೆ ನಾನು ಓಡಿ ಬಂದು ಅಂಗೈ ಚಾಚುವುದು, ನೆಕ್ಕಿ ನೋಡಿ ಉಪ್ಪು, ಹುಳಿ, ಖಾರ ಎಲ್ಲಿದೆ ಎಂದು ಹೇಳುವುದು. ಕೊನೆಗೆ ಲಾಲ್‌ಜಿಯವರ ಡಬ್ಬಿ ನೋಡಿ, ಬೆಳ್ಳುಳ್ಳಿ ಇಲ್ಲ ಎಂದು ಹೇಳಿ ಅವಳ ಬಲಗಡೆ ಇಡುವುದು. ಬೆಳ್ಳುಳ್ಳಿಯದು ಎಡಗಡೆ. ಎರಡೂ ಒಂದೇ ಬಣ್ಣ, ಒಂದೇ ಅಳತೆಯ ಸ್ಟೀಲ್ ಡಬ್ಬಿ. ಮೊದಲಾದರೆ ಅವಳು ಮುಚ್ಚಳ ತೆರೆದ ಕ್ಷಣವೇ ಮೂಗಿನಲ್ಲಿ ಹಿಡಿಯುತ್ತಿದ್ದಳು. ನಾನು ಬಲಗಡೆಯ ಡಬ್ಬಿಗೆ ಒಂದು ದಾರ ಕಟ್ಟೋಣ ಎಂದೆ. ಬೇಡ ಎಂದಳು. ಮೂವತ್ತು ವರ್ಷ ಇಲ್ಲದ ಗುರುತು ಈಗ ಯಾಕೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ, ಬಾಯಿರುಚಿ ಸತ್ತವಳ ಹತ್ತಿರ ಯಾರು ತಿನ್ನುತ್ತಾರೆ ಎಂದು ಅವಳ ಭಯ. ಆ ವಿಷಯ ನನಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಸೆಲ್ವಿಗೂ ಇಲ್ಲ.

ಅವಳು ನನಗೆ ಹಾಕಿದ ಕಟ್ಟಳೆ ಒಂದೇ. "ನಂಗೆ ಬ್ಯಾಸ್ರ ಆಯ್ತದೆ ಅಂತ ಚಂದಾಗೈತೆ ಅನ್ಬ್ಯಾಡ. ಎಂಗೈತೋ ಅಂಗೇ ಏಳು. ನಾನು ನಿನ್ನ ಬಾಯಲ್ಲಿ ತಿಂತಾ ಇವ್ನಿ."

ಎರಡು ವರ್ಷ ಹಾಗೇ ಹೇಳಿದೆ. ಮದುವೆಯಾದ ಹೆಂಡತಿಗೂ ಅಷ್ಟು ನಿಜ ಹೇಳಿದವನಲ್ಲ ನಾನು. ಇವತ್ತು ಹುಳಿ ಕೆಟ್ಟಿದೆ, ಇವತ್ತು ಕೊತ್ತಂಬರಿ ಕಹಿ, ಇದನ್ನು ಚೆಲ್ಲಿ ಬೇರೆ ಮಾಡು. ಅವಳು ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ತಲೆಯಾಡಿಸಿ ಚೆಲ್ಲುವಳು. ಒಮ್ಮೊಮ್ಮೆ ಎಲ್ಲ ಸರಿ ಎಂದು ನಾನು ಹೇಳಿದ ಮೇಲೂ ನನ್ನ ಮುಖವನ್ನೇ ನೋಡುತ್ತ, ಸರಿ ಅಂದರೆ ಹೇಗಿದೆ ಎಂದು ಕೇಳುವಳು. ಅದಕ್ಕೆ ಏನು ಹೇಳುವುದು? ಮೊದಲಿನ ಹಾಗೇ ಇದೆ ಅತ್ತೆ, ಅನ್ನುತ್ತಿದ್ದೆ. ಸಾಕಾಗುತ್ತಿತ್ತು.

ಆಮೇಲೆ ಬಂತು ಊರಹಬ್ಬ. ಜಾತ್ರೆಯಲ್ಲ. ನಮ್ಮ ಊರಿನಲ್ಲಿ ಎಷ್ಟು ಬಗೆಯ ಜನ, ಎಷ್ಟು ಬಗೆಯ ಊಟ, ಎಷ್ಟು ಬಗೆಯ ಆಟಪಾಟ ಎಂದು ತೋರಿಸಬೇಕೆಂದು ಕೆಲವರು ಸೇರಿ ಒಂದು ಮೈದಾನದಲ್ಲಿ ಮಾಡಿದ ಸಂಜೆ. ಒಂದು ಕಡೆ ತಿಂಡಿಯ ಸ್ಟಾಲುಗಳು, ಇನ್ನೊಂದು ಕಡೆ ವೇದಿಕೆ. ಅದರ ಕೆಲಸ ನೋಡುತ್ತಿದ್ದ ಒಬ್ಬ ಹುಡುಗಿ ಕೈಯಲ್ಲಿ ಫಾರಂ ಹಿಡಿದು ಗಾಡಿಗೆ ಬಂದಳು, ಮನೆಯಲ್ಲಿ ಏನು ಮಾತಾಡುತ್ತೀರಿ ಎಂದು ಕೇಳಿದಳು. ಕನ್ನಡ ಎಂದಳು ಮಾದತ್ತೆ. ಹುಡುಗಿಗೆ ಬಹಳ ಸಂತೋಷವಾಯಿತು, ಅವಳ ಪಟ್ಟಿಯಲ್ಲಿ ಕನ್ನಡದ ಜಾಗ ಖಾಲಿ ಇತ್ತಂತೆ. ಹಾಗಾದರೆ ಮೈಸೂರು ಪಾಕು, ಬಿಸಿಬೇಳೆ ಬಾತು ಮಾಡಿ ಎಂದಳು. ಮಾದತ್ತೆ ಮಾದೇಶ್ವರನ ಬೆಟ್ಟಕ್ಕೆ ಹೋದದ್ದು ಬಿಟ್ಟರೆ ಕರ್ನಾಟಕ ನೋಡಿದವಳಲ್ಲ. ಬಿಸಿಬೇಳೆ ಬಾತನ್ನು ಅವಳು ಮೊದಲ ಸಲ ಕೇಳಿದ್ದು ಅವತ್ತೇ. "ಮೈಸೂರು ಪಾಕು ಬೇಕರೀಲಿ ಸಿಗ್ತದೆ, ಅಲ್ಲಿ ಓಗಿ ತಕ್ಕೊಳಮ್ಮ" ಎಂದು ದಾರಿ ತೋರಿಸಿದಳು. ಕೊನೆಗೆ ರಾಜಿಯಾಗಿ ಬೋರ್ಡು ಬರೆಸಿದರು: 'ಸೇಲಂ ತಟ್ಟುವಡೆ ಸೆಟ್ಟು, ಕರ್ನಾಟಕ ಶೈಲಿ.' ಅದನ್ನು ಓದಿ ಹೇಳಿದಾಗ ಮಾದತ್ತೆ ನಕ್ಕೂ ನಕ್ಕೂ ಎಣ್ಣೆ ಡಬ್ಬದ ಮೇಲಿಂದ ಬೀಳುವುದರಲ್ಲಿದ್ದಳು.

ಆದರೂ ಅವಳಿಗೆ ಒಳಗೊಳಗೇ ಖುಷಿ. ಹೊಸ ಸೀರೆ ಉಟ್ಟಳು. ತಲೆಯ ಟವೆಲ್ಲು ತೆಗೆದು ಸೆಲ್ವಿಯ ಹತ್ತಿರ ಹೂವು ಮುಡಿಸಿಕೊಂಡಳು. ನಾನು ಆ ದಿನ ಅರ್ಧ ದಿನ ರಜೆ ಹಾಕಿ ಜೊತೆಗೆ ಹೋದೆ. ಸ್ಟಾಲಿನಲ್ಲಿ ಸ್ಟೀಲ್ ಡಬ್ಬಿ ಚೆನ್ನಾಗಿ ಕಾಣುವುದಿಲ್ಲ ಎಂದು ಹೇಳಿ ಮೂರು ಮಣ್ಣಿನ ಬಟ್ಟಲು ಕೊಟ್ಟರು. ಚಟ್ನಿಗಳನ್ನು ಅದಕ್ಕೆ ಸುರಿದೆವು. ನಾನು ಒಂದೊಂದೂ ನೋಡಿ, ಬೆಳ್ಳುಳ್ಳಿಯದು ಎಡಕ್ಕೆ, ನಡುವೆ ಲಾಲ್‌ಜಿಯವರದು, ಬಲಕ್ಕೆ ಹಸಿರು ಎಂದು ಅವಳ ಕೈ ಹಿಡಿದು ಮುಟ್ಟಿಸಿ ತೋರಿಸಿದೆ. ಅಷ್ಟರಲ್ಲಿ ಪೆರುಮಾಳನ ಆಟ ಶುರುವಾಗುತ್ತದೆ ಎಂದು ಮೈಕಿನಲ್ಲಿ ಕೂಗಿದರು. ಅವನು ಬೆಳಿಗ್ಗೆಯಿಂದ ಹತ್ತು ಸಲ ಹೇಳಿದ್ದ, ನನ್ನ ಮೊದಲ ಕುಣಿತ ನೋಡಲೇಬೇಕು ಎಂದು. ಮಾದತ್ತೆಯೇ ಹೋಗಿ ನೋಡಿಕೊಂಡು ಬಾ ಎಂದಳು. ಹೋದೆ. ಹತ್ತು ನಿಮಿಷ ಇದ್ದೆನೋ, ಹದಿನೈದೋ. ಮದ್ದಳೆ ಬಿದ್ದದ್ದೇ ಅವನು ಪರದೆ ಸರಿಸಿ ಹಾರಿ ಬಂದ. ಜನ ಕೂಗಿದರು. ನಾನೂ ಕೂಗಿದೆ ಅಂತ ಕಾಣುತ್ತದೆ.

ನಾನಿಲ್ಲದಾಗ ಆದದ್ದು, ಆಮೇಲೆ ತಿಳಿದಂತೆ, ಇಷ್ಟು. ಫೋಟೋ ತೆಗೆಯುವವರು ಬಂದರು. ಮಾದತ್ತೆ ಸೌತೆಕಾಯಿ ತುರಿಯಲು ಹಿಂದಕ್ಕೆ ತಿರುಗಿದ್ದಳು. ಎರಡು ಕೆಂಪು ಬಟ್ಟಲಿನ ನಡುವೆ ಹಸಿರು ಇದ್ದರೆ ಚೆಂದ ಎಂದು ಯಾರೋ ಬಟ್ಟಲು ಸರಿಸಿದರು, ಫೋಟೋ ತೆಗೆದರು, ಹೋದರು. ಆ ಹೊತ್ತಿಗೆ ಸರಿಯಾಗಿ ಲಾಲ್‌ಜಿ ತಮ್ಮ ಪ್ಲೇಟಿಗೆಂದು ಅಲ್ಲಿಗೇ ಬಂದರು. ಹೊತ್ತು ಮುಳುಗಲು ಇನ್ನು ಐದು ನಿಮಿಷ ಇತ್ತು. ಮಾದತ್ತೆ ನೋಡಿದಳು. ನಡುವೆ ಹಸಿರು ಇದೆ, ಅಂದರೆ ಸರಿಸಿದ್ದಾರೆ. ಹಾಗಾದರೆ ಇದೇ ಇರಬೇಕು ಎಂದು ಒಂದನ್ನು ಎತ್ತಿಕೊಂಡಳು. ಕೇಳೋಣವೆಂದರೆ ನಾನು ಇರಲಿಲ್ಲ. ಹೊತ್ತು ನಿಲ್ಲುತ್ತಿರಲಿಲ್ಲ.

ನಾನು ವಾಪಸ್ಸು ಬಂದಾಗ ಲಾಲ್‌ಜಿ ಹೋಗಿಯಾಗಿತ್ತು. ಮೇಜಿನ ಮೇಲೆ ಅವರ ಪ್ಲೇಟಿನಲ್ಲಿ ನಾಲ್ಕು ಸೆಟ್ಟು ಹಾಗೇ ಇತ್ತು. ಮಾದತ್ತೆಯ ಮುಂದೆ ಇಪ್ಪತ್ತು ಜನ ನಿಂತಿದ್ದರು. ಅವಳು ನನ್ನನ್ನು ಕಂಡವಳೇ ಪ್ಲೇಟು ನನ್ನ ಕೈಗೆ ತಳ್ಳಿದಳು.

"ಒಂದೇ ಒಂದು ತಿಂದು, ಕೈ ಮುಗ್ದು ಒಂಟೋದ್ರು. ನೋಡ್ಲಾ, ಏನೈತೆ ಇದ್ರಾಗೆ?"

ಬಾಯಿಗೆ ಹಾಕಿಕೊಂಡೆ. ಬೆಳ್ಳುಳ್ಳಿ. ಬೇಕಾದಷ್ಟು ಬೆಳ್ಳುಳ್ಳಿ. ಅವಳು ನನ್ನ ಮುಖ ನೋಡುತ್ತಿದ್ದಳು. ಹೂವು ಮುಡಿದಿದ್ದಳು. ನನಗೆ ಅವಳ ಮೇಲೆ ಮರುಕ ಬಂತು ಎಂದು ಹೇಳಿದರೆ ಅರ್ಧ ಸುಳ್ಳು. ನನ್ನ ತಪ್ಪು ನನಗೆ ಗೊತ್ತಿತ್ತು, ಅದನ್ನು ಒಪ್ಪಿಕೊಳ್ಳಲು ಆಗಲಿಲ್ಲ.

"ಸರಿಯಾಗೈತೆ ಅತ್ತೆ," ಎಂದೆ. "ಬೆಳ್ಳುಳ್ಳಿ ಇಲ್ಲ. ಒತ್ತು ಮುಳುಗ್ತು ಅಂತ ನಿಲ್ಸಿರ್ತಾರೆ."

ಅವಳು ಉಸಿರು ಬಿಟ್ಟು, ಸೆರಗಿನಲ್ಲಿ ಮುಖ ಒರೆಸಿಕೊಂಡು ಮುಂದಿನವರಿಗೆ ಪ್ಲೇಟು ಹಚ್ಚಿದಳು. ನಾನು ಬಟ್ಟಲುಗಳನ್ನು ಮೊದಲಿನ ಹಾಗೆ ಸರಿಸಿಟ್ಟೆ. ಆವತ್ತು ಅವಳ ಸ್ಟಾಲಿಗೆ ಎಲ್ಲರಿಗಿಂತ ಹೆಚ್ಚು ಜನ. ವೇದಿಕೆಗೆ ಕರೆದು ಶಾಲು ಹೊದಿಸಿದರು. ನಾನು ಚಪ್ಪಾಳೆ ತಟ್ಟಿದೆ.

ಮಾರನೆಯ ದಿನ ಲಾಲ್‌ಜಿ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಮಾದತ್ತೆ ಬಿಸಿಲು ಮರದ ಬುಡಕ್ಕೆ ಇಳಿಯುವ ಹೊತ್ತಿಗೆ ಅವರ ಪ್ಲೇಟು ಹಚ್ಚಿಟ್ಟುಕೊಂಡು ಕೂರುವಳು. ಬೇರೆಯವರು ಕೇಳಿದರೂ ಬೋಣಿ ಆಗಿಲ್ಲ, ನಿಲ್ಲಿ ಎನ್ನುವಳು. ಹೊತ್ತು ಪೂರಾ ಮುಳುಗಿದ ಮೇಲೆ ಅದನ್ನು ಮರದ ಬುಡಕ್ಕೆ ಹಾಕಿ ವ್ಯಾಪಾರ ಶುರುಮಾಡುವಳು. ಮೈ ಸರಿಯಿಲ್ಲವೇನೋ, ಅಂಗಡಿಗೆ ಹೋಗಿ ನೋಡಿ ಬಾ ಎಂದು ನನಗೆ ಹೇಳಿದಳು. ಅಂಗಡಿಯ ತನಕ ಹೋಗಿ, ಒಳಗೆ ಹೋಗದೆ ಬಂದೆ. ಚೆನ್ನಾಗಿದ್ದಾರೆ ಎಂದು ಹೇಳಿದೆ. ಅದು ಎರಡನೆಯ ಸುಳ್ಳು. ಮೊದಲನೆಯದಕ್ಕಿಂತ ಸಲೀಸಾಗಿ ಬಂತು.

ನಾಲ್ಕನೆಯ ದಿನ ಲಾಲ್‌ಜಿ ಬಂದರು. ಮುಖ ಇಳಿದಿತ್ತು, ಕಣ್ಣು ಒಳಗೆ ಹೋಗಿತ್ತು. ಯಾಕೆ ಬರಲಿಲ್ಲ ಎಂದು ಮಾದತ್ತೆ ಕೇಳಿದಳು. ಉಪವಾಸ ಇದ್ದೆ ಎಂದರು. ಈಗ ಯಾವ ಹಬ್ಬ ಎಂದು ಕೇಳಿದಳು. ಅವರು ತಮಿಳಿನಲ್ಲಿ ಮೆಲ್ಲಗೆ ಹೇಳಿದರು, ಹಬ್ಬ ಏನಿಲ್ಲಮ್ಮ, ತಿಳಿಯದೆ ಬಾಯಿಗೆ ಹೋದದ್ದಕ್ಕೂ ಉಪವಾಸ ಮಾಡುತ್ತೇನೆ, ಅದು ಮುಗಿಯಿತು, ಪ್ಲೇಟು ಕೊಡಿ. ಮಾದತ್ತೆ ಕೊಟ್ಟಳು. ಅವರು ಐದನ್ನೂ ತಿಂದು, ಕೈ ತೊಳೆದು, ಎಂದಿನ ಹಾಗೆ ಹೋದರು.

ಅವರು ಅಂಗಡಿಯ ಮೆಟ್ಟಿಲು ಹತ್ತುವವರೆಗೂ ಅವಳು ನೋಡುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಅವತ್ತು ಬೆಳ್ಳುಳ್ಳಿ ಇತ್ತಾ?"

"ಇತ್ತು," ಎಂದೆ.

ಅವಳು ಬಯ್ಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಒಂದು ಬೀಟ್‌ರೂಟು ಎತ್ತಿಕೊಂಡು ತುರಿಯತೊಡಗಿದಳು. ತುರಿಯುತ್ತಲೇ, ತಲೆ ಎತ್ತದೆ ಹೇಳಿದಳು.

"ಕೈ ತಪ್ಪೋದು ಐತೆ ಲಾ. ಮೂವತ್ತು ವರ್ಸಕ್ಕೆ ಒಂದು ದಿನ ತಪ್ತು. ಓಗಿ ಕಾಲಿಗೆ ಬಿದ್ದಿದ್ರೆ ಮುಗೀತಿತ್ತು. ನಾನು ನಿನ್ನ ಬಾಯಲ್ಲಿ ತಿಂತಿದ್ದೆ. ಆ ಬಾಯೇ ಇಂಗಂದ್ರೆ, ಇನ್ನ ಯಾರ ಬಾಯಲ್ಲಿ ತಿನ್ಲಿ?"

ಆ ಸಂಜೆ ಚಟ್ನಿ ಮುಗಿಯುವವರೆಗೂ ವ್ಯಾಪಾರ ಮಾಡಿದಳು. ನಾನು ನೀರು ತಂದು ಕೊಟ್ಟೆ, ಪ್ಲೇಟು ತೊಳೆದೆ. ಏನೂ ಆಗದವರ ಹಾಗೆ ಇದ್ದೆವು. ಮಾರನೆಯ ದಿನ ನಾನು ಟೀ ಬಿಡುವಿನಲ್ಲಿ ಬಂದರೆ ಬೇವಿನ ಮರದ ಕೆಳಗೆ ಗಾಡಿ ಇತ್ತು, ಮಾದತ್ತೆ ಇರಲಿಲ್ಲ. ಸೆಲ್ವಿ ಹೂವಿನ ಗೋಣಿ ಬಿಟ್ಟು ಎಣ್ಣೆ ಡಬ್ಬದ ಮೇಲೆ ಕೂತಿದ್ದಳು. ಬೆಳಗಿನ ಬಸ್ಸಿಗೆ ಊರಿಗೆ ಹೋದರು, ಗಾಡಿ ನಡೆಸಲು ತನಗೆ ಹೇಳಿದರು ಎಂದಳು. ನನಗೆ ಏನಾದರೂ ಹೇಳಿದಳಾ ಎಂದು ಕೇಳಿದೆ. ಇಲ್ಲ ಎಂದಳು.

ಪಟ್ಟರೆಗೆ ವಾಪಸ್ಸು ಹೋಗಿ ಬೆಸುಗೆಗೆ ಕೂತೆ. ಎಂಟು ತಿಂಗಳು ಹಾಗೇ ಕೂತಿದ್ದೆ ಎಂದರೂ ಆಗುತ್ತದೆ. ಉಂಡದ್ದು ರುಚಿಸುತ್ತಿತ್ತು, ನಿದ್ದೆ ಬರುತ್ತಿತ್ತು, ಮಗಳ ಕಾಲೇಜಿನ ಅಡ್ಮಿಷನ್ನಿಗೆ ಓಡಾಡಿದೆ. ಊರಿಗೆ ಒಂದೂವರೆ ಗಂಟೆಯ ದಾರಿ. ಧರ್ಮಪುರಿಯ ಬಸ್ಸುಗಳು ಕಣ್ಣ ಮುಂದೆಯೇ ಹೋಗುತ್ತಿದ್ದವು. ಹತ್ತಲಿಲ್ಲ. ನಾಚಿಕೆಯೋ ದುಃಖವೋ ಎಂದು ಹೆಂಡತಿ ಕೇಳಿದಳು. ಎರಡೂ ಇರಲಿಲ್ಲ, ಏನೂ ಇರಲಿಲ್ಲ. ಮಾದತ್ತೆಯ ಒಣ್ಣುಮೇ ಇಲ್ಲೆ ಅಂದರೆ ಏನೆಂದು ನನಗೆ ತಿಳಿದದ್ದು ಆಗ.

ಕೊನೆಗೆ ಅವಳೇ ಫೋನು ಮಾಡಿಸಿದಳು, ಭಾನುವಾರ ಊಟಕ್ಕೆ ಬರಬೇಕಂತೆ ಎಂದು. ಹೋದೆ. ಅವಳು ತಂಗಿಯ ಮನೆಯಲ್ಲಿದ್ದಳು. ಹಟ್ಟಿಯಲ್ಲಿ ಆರು ಕುರಿ, ಜಗಲಿಯಲ್ಲಿ ಒಣಗಲು ಹಾಕಿದ ಹುರುಳಿ. ಸ್ವಲ್ಪ ಇಳಿದುಹೋಗಿದ್ದಳು. ನಾನು ಮೊದಲು ನೋಡಿದ್ದು ಅವಳ ಅಂಗೈ. ಕೆಂಪು ಪೂರಾ ಹೋಗಿ ಎಲ್ಲರ ಅಂಗೈಯ ಹಾಗೆ ಆಗಿತ್ತು. ಅದನ್ನು ನೋಡಿದಾಗ ನನಗೆ ಎದೆಯಲ್ಲಿ ಎಲ್ಲೋ ನೋವಾಯಿತು. ತುಂಬಾ ದಿನದ ಮೇಲೆ.

ರಾಗಿಮುದ್ದೆ, ಹುರುಳಿಕಾಳು ಸಾರು ಬಡಿಸಿದಳು. ಹಳೆಯ ಮಾತು ಎತ್ತಲಿಲ್ಲ. ಎದುರಿಗೆ ಕೂತು ನಾನು ಮೊದಲ ತುತ್ತು ನುಂಗುವುದನ್ನು ನೋಡಿದಳು.

"ಸಾರು ಎಂಗೈತೆ?"

ಸಾರಿಗೆ ಉಪ್ಪೇ ಇರಲಿಲ್ಲ. ಒಂದು ಹರಳೂ ಇರಲಿಲ್ಲ. ಎಂಟು ತಿಂಗಳ ಮೇಲೆ ಕರೆದು ಊಟ ಹಾಕುತ್ತಿರುವವಳಿಗೆ ಏನು ಹೇಳುವುದು ಎಂದು ಒಂದು ಗಳಿಗೆ ಯೋಚನೆ ಬಂತು. ಯೋಚಿಸಿದ್ದಕ್ಕೇ ನನ್ನ ಮೇಲೆ ನನಗೆ ಹೇಸಿಗೆಯಾಯಿತು.

"ಉಪ್ಪಿಲ್ಲ ಅತ್ತೆ," ಎಂದೆ. "ಆಕೇ ಇಲ್ಲ ನೀನು. ಬಾಯಿಗಿಡಕ್ಕಾಗಲ್ಲ."

ಅವಳ ಮುಖ ಅರಳಿತು. ಒಳಗಿನಿಂದ ಅವಳ ತಂಗಿ, ನನ್ನ ಚಿಕ್ಕತ್ತೆ, ನಗುತ್ತ ಕೂಗಿ ಹೇಳಿದಳು, ಬೇಕೆಂದೇ ಹಾಕಿಲ್ಲ, ಅವನು ಏನು ಹೇಳುತ್ತಾನೆ ನೋಡಬೇಕು ಎಂದು ಬೆಳಿಗ್ಗೆಯಿಂದ ಕಾಯುತ್ತಿದ್ದಾಳೆ ಎಂದು. ಮಾದತ್ತೆ ಎದ್ದು ಹೋಗಿ ಉಪ್ಪಿನ ಡಬ್ಬಿ ತಂದಳು. ಅದರ ಕುತ್ತಿಗೆಗೆ ಒಂದು ಕೆಂಪು ದಾರ ಕಟ್ಟಿತ್ತು. ಪಕ್ಕದ ಸಕ್ಕರೆ ಡಬ್ಬಿಗೆ ಇರಲಿಲ್ಲ. ನಾನು ದಾರ ನೋಡಿದ್ದನ್ನು ಅವಳು ನೋಡಿದಳು. ಸಾರಿಗೆ ಉಪ್ಪು ಹಾಕಿ ಕಲೆಸಿ, ಈಗ ಹೇಳು ಎಂದಳು. ಇನ್ನೊಂದು ಚಿಟಿಕೆ ಎಂದೆ. ಹಾಕಿದಳು. ಸರಿ ಎಂದೆ. ಆಮೇಲೆ ಎರಡು ಮುದ್ದೆ ಉಂಡೆ.

ಒಂದು ತಿಂಗಳಿಗೆ ಸುದ್ದಿ ಬಂತು. ಮಲಗಿದವಳು ಬೆಳಿಗ್ಗೆ ಏಳಲಿಲ್ಲವಂತೆ. ಫೋನು ಬಂದಾಗ ಕೈಯಲ್ಲಿ ಅರ್ಧ ಬೆಸೆದ ಗೆಜ್ಜೆ ಇತ್ತು. ಅದನ್ನು ಮುಗಿಸಿ, ಜೋಡಿಯನ್ನು ಕಟ್ಟಿಟ್ಟು, ಕೈ ತೊಳೆದು ಬಸ್ಸು ಹತ್ತಿದೆ. ಮಣ್ಣು ಹಾಕಿದೆ. ಅಳು ಬರಲಿಲ್ಲ. ಕಲ್ಲು ಅನ್ನುವವರು ಅವತ್ತೂ ಅಂದರು.

ಲಾಲ್‌ಜಿ ಸೆಲ್ವಿಯ ಕೈಯಲ್ಲಿ ಯಾವತ್ತೂ ತಿಂದವರಲ್ಲ. ಮಾದತ್ತೆ ಊರಿಗೆ ಹೋದಮೇಲೆ ಬೇವಿನ ಮರದ ಕಡೆ ಬರುವುದನ್ನೇ ಬಿಟ್ಟಿದ್ದರು. ತಿಥಿ ಮುಗಿಸಿ ನಾನು ಕೆಲಸಕ್ಕೆ ಬಂದ ಮೊದಲ ದಿನ, ಬಿಸಿಲು ಬುಡಕ್ಕೆ ಇಳಿದ ಹೊತ್ತಿಗೆ, ಪಟ್ಟರೆಯ ಬಾಗಿಲಿಗೇ ಬಂದು ನನ್ನನ್ನು ಕರೆದರು. ಇಬ್ಬರೂ ಗಾಡಿಗೆ ನಡೆದೆವು. ಸೆಲ್ವಿ ಅವರಿಗೆಂದು ಬೇರೆ ಡಬ್ಬಿ, ಬೇರೆ ಚಾಕು, ಬೇರೆ ಸ್ಪೂನು ಇಟ್ಟಿದ್ದಳು. ಡಬ್ಬಿಗೆ ಕೆಂಪು ದಾರ. ಎಲ್ಲವನ್ನೂ ಮಾದತ್ತೆ ಫೋನಿನಲ್ಲಿ ಹೇಳಿಕೊಟ್ಟಿದ್ದಳಂತೆ.

ಲಾಲ್‌ಜಿಗೂ ಫೋನು ಮಾಡಿದ್ದಳು. ಜ್ವರ ಬಂದದ್ದು, ಬಾಯಿರುಚಿ ಹೋದದ್ದು, ಅವತ್ತಿನ ಬೆಳ್ಳುಳ್ಳಿ, ಎಲ್ಲ ಹೇಳಿ ತಪ್ಪಾಯಿತು ಎಂದಳಂತೆ. ನಾನು ಊಟ ಮಾಡಿ ಬಂದ ಭಾನುವಾರದ ಸಾಯಂಕಾಲವೇ. ಕೊನೆಗೆ ಅವಳು ಹೇಳಿದ ಒಂದು ಮಾತನ್ನು ಲಾಲ್‌ಜಿ ತಮಿಳಿನಲ್ಲಿ ಅವಳ ಹಾಗೇ ಹೇಳಿ ತೋರಿಸಿದರು: "ಹೂವಿನವಳು ಹೊಸಬಳು. ಗೋವಿಂದನ ಕೈಲಿ ಮೊದಲು ನೋಡಿಸಿ, ಆಮೇಲೆ ತಿನ್ನಿ. ಅವನು ಹೇಳಿದರೆ ನಾನು ಹೇಳಿದ ಹಾಗೆ."

ಗೋವಿಂದ ನನ್ನ ಹೆಸರು. ಮಾದತ್ತೆಗೆ ನೆನಪಿತ್ತು.

ಹೊತ್ತು ಇನ್ನೂ ಇತ್ತು. ನಾನು ಅಂಗೈ ಚಾಚಿದೆ, ಸೆಲ್ವಿ ದಾರ ಕಟ್ಟಿದ ಡಬ್ಬಿಯಿಂದ ಒಂದು ತೊಟ್ಟು ಹಾಕಿದಳು. ನೆಕ್ಕಿದೆ. ಸಾಲದೆ ಇನ್ನೊಂದು ಸಲ ಹಾಕಿಸಿಕೊಂಡು ನೆಕ್ಕಿದೆ.

"ಉಳಿ ಸ್ವಲ್ಪ ಮುಂದೈತೆ," ಎಂದೆ. "ಬೆಳ್ಳುಳ್ಳಿ ಇಲ್ಲ."

ಲಾಲ್‌ಜಿ ತಿಂದರು.